ಅಕ್ಕನ ಬಾಣಂತನ ಮುಗಿಯದ ಬೇಸಿಗೆ

ನಮ್ಮ ಮನೆಯ ಬಾವಿ ನೀರು ಕಪ್ಪಾದದ್ದು ಒಂದು ಶನಿವಾರ ಬೆಳಿಗ್ಗೆ. ಬಾವಿಯಲ್ಲಲ್ಲ, ಬಾಟಲಿಯಲ್ಲಿ. ಬಾವಿಯೊಳಗೆ ಅದು ಎಂದಿನಂತೆ ತಳದ ಕಲ್ಲು ಕಾಣುವಷ್ಟು ತಿಳಿಯಾಗಿಯೇ ಇತ್ತು. ಬಚ್ಚಲೊಲೆಯ ಪಕ್ಕದಲ್ಲಿ ಮಿಲ್ಲಿನ ಹೊಟ್ಟು ತುಂಬಿದ ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದೆ. ಅದರೊಳಗೆ ಬೆಚ್ಚಗೆ ಹೂತಿಟ್ಟಿದ್ದ ಸಣ್ಣ ಗಾಜಿನ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದಾಗ ಕೊನೆಯದು ಕಾಡಿಗೆ ಕದಡಿದ ಹಾಗೆ ಕಂಡಿತು. ಚೀಟಿ ನೋಡಿದೆ. ನನ್ನದೇ ಅಕ್ಷರ: 'ಮನೆ ಬಾವಿ, ಶುಕ್ರವಾರ ಬೆಳಿಗ್ಗೆ.' ಬಾಟಲಿ ಕೈಜಾರಿ ಹೊಟ್ಟಿನ ಮೇಲೆ ಬಿತ್ತು. ಒಡೆಯಲಿಲ್ಲ.

ಅದು ಎಂಬತ್ತೈದರ ಬೇಸಿಗೆ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ನಮ್ಮದು ಕಡೂರಿನಿಂದ ಯಗಟಿಗೆ ಹೋಗುವ ದಾರಿಯಲ್ಲಿರುವ ಊರು. ಇಂಜಿನಿಯರಿಂಗ್ ಕಾಲೇಜೊಂದರ ಮೇಷ್ಟ್ರು ಕಡೂರು ಸ್ಟೇಷನ್ನಿನ ಹತ್ತಿರ ಕೋಣೆ ಹಿಡಿದುಕೊಂಡು ಸಂಶೋಧನೆ ಮಾಡುತ್ತಿದ್ದರು. ಮರಳಿನ ಮೇಲೆ ತಾನಾಗಿ ಬೆಳೆಯುವ ಸೂಕ್ಷ್ಮಜೀವಿಗಳು ಕೆರೆ ನೀರನ್ನು ಹೇಗೆ ಶುದ್ಧ ಮಾಡುತ್ತವೆ ಎಂಬುದು ಅವರ ವಿಷಯ. ಅದಕ್ಕಾಗಿ ತರೀಕೆರೆಯಲ್ಲೊಂದು, ಅಜ್ಜಂಪುರದಲ್ಲೊಂದು, ನಮ್ಮ ಹಿತ್ತಲಲ್ಲೊಂದು ಮರಳಿನ ತೊಟ್ಟಿ ಕಟ್ಟಿಸಿದ್ದರು. ತರೀಕೆರೆಯಲ್ಲಿ ಗೋಬರ್ ಗ್ಯಾಸಿನ ಗುಂಡಿಯೂ ಇತ್ತು. "ಒಂದು ಜಾತಿಯ ಜೀವಿ ಒಲೆ ಉರಿಸುತ್ತೆ, ಇನ್ನೊಂದು ನೀರು ತೊಳೆಯುತ್ತೆ, ಮತ್ತೊಂದು ಮನುಷ್ಯನನ್ನೇ ಮಲಗಿಸುತ್ತೆ. ಎಲ್ಲ ಕಣ್ಣಿಗೆ ಕಾಣದವೇ," ಎನ್ನುತ್ತಿದ್ದರು. ಲೆಕ್ಕ ಬರೆದಿಡುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಇದೆ. ಮಳೆ ಬಂದ ದಿನ, ಎಮ್ಮೆ ಈದ ದಿನ, ಬಸ್ಸು ತಪ್ಪಿದ ದಿನ ಎಲ್ಲವನ್ನೂ ಬರೆಯುತ್ತೇನೆ. ಅಪ್ಪನಿಂದ ಇದನ್ನು ಕೇಳಿದ ಮೇಷ್ಟ್ರು ನೀರಿನ ಮಾದರಿ ತರುವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡರು.

ಕೆಲಸ ಇಷ್ಟೇ. ವಾರಕ್ಕೊಮ್ಮೆ ತರೀಕೆರೆಗೆ, ವಾರಕ್ಕೊಮ್ಮೆ ಅಜ್ಜಂಪುರಕ್ಕೆ ಹೋಗಿ, ತೊಟ್ಟಿಗೆ ಹೋಗುವ ನೀರನ್ನೂ ತೊಟ್ಟಿಯಿಂದ ಬರುವ ನೀರನ್ನೂ ಬೇರೆಬೇರೆ ಬಾಟಲಿಗೆ ತುಂಬಿ ತರುವುದು. ಪ್ರತಿ ಬಾಟಲಿಯೊಳಗೂ ಔಷಧಿ ಅದ್ದಿ ಒಣಗಿಸಿದ ಒಂದು ಕಾಗದದ ತುಂಡು ಇರುತ್ತಿತ್ತು. ನೀರು ತುಂಬಿ ಬೆಚ್ಚಗಿಟ್ಟರೆ, ಮಲದಿಂದ ಬಂದ ಜೀವಿಗಳು ಅದರಲ್ಲಿದ್ದಲ್ಲಿ ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ನೀರು ಕಪ್ಪಾಗುತ್ತಿತ್ತು. ಇಲ್ಲದಿದ್ದರೆ ಹಾಗೇ ಉಳಿಯುತ್ತಿತ್ತು. ಯಾರು ನೋಡಿದರೂ ತಿಳಿಯುವ ಪರೀಕ್ಷೆ. ಚೀಲದಲ್ಲಿ ಬಾಟಲಿ ಕಿಣಿಕಿಣಿ ಎನ್ನುವುದನ್ನು ಕೇಳಿ ಬಸ್ಸಿನ ಕಂಡಕ್ಟರು, "ಏನಮ್ಮಾ, ಔಷಧಿ ಬಾಟ್ಲೀನಾ? ಬೇರೆ ಬಾಟ್ಲೀನಾ?" ಎಂದು ಪ್ರತಿ ಸಲ ಕೇಳುತ್ತಿದ್ದ. ಪ್ರತಿ ಸಲ ನಗುತ್ತಿದ್ದ.

ಮೇಷ್ಟ್ರು ಒಮ್ಮೆ, "ನಿಮಗೆ ಗೊತ್ತಿರುವ ತೀರಾ ಒಳ್ಳೆಯ ನೀರು ಒಂದನ್ನು ಜೊತೆಗಿಡಿ, ಹೋಲಿಸಿ ನೋಡೋಕೆ," ಎಂದರು. ನಾನು ಯೋಚಿಸಲೇ ಇಲ್ಲ. ನಮ್ಮ ಬಾವಿ! ಊರಿನಲ್ಲಿ ಬೇಳೆ ಬೇಯುವ ನೀರು ಎಂದರೆ ನಮ್ಮದೇ. ಬೀದಿಯ ನಾಲ್ಕು ಮನೆಯವರು ಕುಡಿಯಲು ಅಲ್ಲಿಂದಲೇ ಸೇದುತ್ತಿದ್ದರು. ಆ ನೀರು ಕಪ್ಪಾಗಿತ್ತು. ಅದರ ಪಕ್ಕದಲ್ಲಿ, ಎಮ್ಮೆ ಮೀಯಿಸುವ ಕೆರೆಯಿಂದ ಬಂದು ಮರಳಿನ ತೊಟ್ಟಿಯಲ್ಲಿ ಇಳಿದ ನೀರು ಎಳನೀರಿನಂತೆ ಬೆಳ್ಳಗೆ ನಿಂತಿತ್ತು.

ಚೀಟಿ ಅದಲುಬದಲಾಗಿರಬೇಕು ಎಂದುಕೊಂಡೆ. ಮೂಸಿ ನೋಡೋಣವೆಂದು ಮುಚ್ಚಳ ತೆಗೆದೆ.

"ಏನೇ ಅದು ನಾತ?" ಬಚ್ಚಲಿಗೆ ಸೌದೆ ತಂದ ಅವ್ವ ಮೂಗು ಮುಚ್ಚಿಕೊಂಡಳು. "ಕೊಳೆತ ಮೊಟ್ಟೆ ನಾತ ಬಡೀತಾ ಐತಲ್ಲೇ!"

"ಮೊಟ್ಟೆ ಮುಟ್ಟದ ಮನೆಯೋಳು, ಕೊಳೆತ ಮೊಟ್ಟೆ ನಾತ ನಿಂಗೆಂಗವ್ವಾ ಗೊತ್ತು?"

"ನಾನೇನು ಬಸ್ಸಲ್ಲಿ ಓಡಾಡಿಲ್ವೇನೇ? ಬಾಯ್ಮುಚ್ಕಂಡು ಆಚೆಗೆ ಚೆಲ್ಲು. ಯಾವೂರ ಗಟಾರದ ನೀರು ಅದು?"

ಚೀಟಿಯ ಅಕ್ಷರವನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದೆ. ಅವತ್ತು ಮತ್ತೆ ಬಾವಿ ನೀರು ಹಿಡಿದಿಟ್ಟೆ. ಮತ್ತೆ ಕಪ್ಪು. ವಾರವಿಡೀ ಹಿಡಿದೆ. ಒಂದೊಂದು ದಿನ ತಡವಾಗಿ, ಒಂದೊಂದು ದಿನ ಬೇಗ, ಆದರೆ ಎಲ್ಲವೂ ಕಪ್ಪಾದವು.

ಇದು ಯಾವಾಗಲೋ ನಡೆದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲವೇನೋ. ನಡುಮನೆಯ ಪಕ್ಕದ ಕೋಣೆಯಲ್ಲಿ ನನ್ನಕ್ಕ ಮೂರು ತಿಂಗಳ ಮಗುವಿನ ಜೊತೆ ಬಾಣಂತನದಲ್ಲಿದ್ದಳು. ನಮ್ಮ ಕಡೆ ಬಾಣಂತಿಗೆ ಹಸಿನೀರು ತೋರಿಸುವುದಿಲ್ಲ. ಅವಳು ಕುಡಿಯುವುದು ಓಮ ಹಾಕಿ ಕುದಿಸಿದ ನೀರು, ಮಗುವಿನ ನಾಲಿಗೆಗೆ ತಾಗುವುದೂ ಕಾಯಿಸಿ ಆರಿಸಿದ್ದೇ. ಬಾಣಂತನ ಮುಗಿಯುವ ದಿನ ಗಂಗೆ ಪೂಜೆ. ಅವತ್ತು ತಾಯಿ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ಮಗುವನ್ನೆತ್ತಿಕೊಂಡು ಬಾವಿಗೆ ಹೋಗಿ, ಗಂಗಮ್ಮನಿಗೆ ಅರಿಶಿನ ಕುಂಕುಮ ಇಟ್ಟು, ತನ್ನ ಕೈಯಿಂದ ಮೊದಲ ಕೊಡ ಸೇದಬೇಕು. ಆ ಕೊಡದ ಹಸಿನೀರನ್ನು ವೀಳ್ಯದೆಲೆಯ ತುದಿಯಿಂದ ಮಗುವಿನ ಬಾಯಿಗೆ ಬಿಡುತ್ತಾರೆ. ಅಲ್ಲಿಂದಾಚೆಗೆ ತಾಯಿ ಮಗು ಇಬ್ಬರೂ ಎಲ್ಲರೂ ಕುಡಿಯುವ ನೀರನ್ನೇ ಕುಡಿಯುತ್ತಾರೆ. ಅಕ್ಕನ ಗಂಗೆ ಪೂಜೆಗೆ ದಿನ ಗೊತ್ತಾಗಿತ್ತು. ಮುಗಿಸಿಕೊಂಡು ಮರುದಿನ ಕರೆದೊಯ್ಯಲು ಅಜ್ಜಂಪುರದ ಕಡೆಯಿಂದ ಅವಳ ಅತ್ತೆಯೂ ಭಾವನೂ ಬರುವವರಿದ್ದರು.

ಮತ್ತೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಇದು ಅಕ್ಕನ ಎರಡನೆಯ ಕೂಸು. ಮೊದಲನೆಯದು ನಾಲ್ಕು ವರ್ಷದ ಹಿಂದೆ ಇದೇ ಬಾವಿಯ ಗಂಗೆ ಪೂಜೆ ಆಗಿ ಎರಡನೆಯ ವಾರದಲ್ಲಿ ವಾಂತಿಭೇದಿಯಿಂದ ಹೋಯಿತು. ದೃಷ್ಟಿ ಎಂದರು. ಬಾಲಗ್ರಹ ಎಂದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ.

ಮೇಷ್ಟ್ರಿಗೆ ಬಾಟಲಿಗಳನ್ನು ತೋರಿಸಿದೆ. ಅವರು ಮರುದಿನವೇ ಸೈಕಲ್ ತುಳಿದುಕೊಂಡು ಬಂದು ಬಾವಿಯ ಸುತ್ತ ಕುಕ್ಕರಗಾಲಲ್ಲಿ ಒಂದು ಸುತ್ತು ಬಂದರು. ಕಟ್ಟೆ ಸಗಣಿ ಸಾರಿಸಿ ಹಸಿರಾಗಿತ್ತು, ಮೇಲೆ ಅಜ್ಜಿಯ ರಂಗೋಲಿ.

"ಅಜ್ಜಿ, ಕಟ್ಟೆ ಯಾವಾಗ ಯಾವಾಗ ಸಾರಿಸ್ತೀರಿ?"

"ಸೋಮವಾರ, ಶುಕ್ರವಾರ. ಹಬ್ಬ ಹುಣ್ಣಿಮೆ ಬಂದ್ರೆ ಅವತ್ತೂವೆ. ಬೇರೇರ ಕೈಗೆ ಬಿಡಕಿಲ್ಲ ನಾನು," ಎಂದಳು ಅಜ್ಜಿ ಹೆಮ್ಮೆಯಿಂದ. "ನಮ್ಮತ್ತೆ ಸಾರ್ಸ್ತಿದ್ರು, ಅವ್ರತ್ತೆ ಸಾರ್ಸ್ತಿದ್ರು. ಸಾರ್ಸದೆ ಬಿಟ್ರೆ ಗಂಗವ್ವ ನಿಲ್ತಾಳೇನಪ್ಪಾ?"

ಮೇಷ್ಟ್ರು ಬಟ್ಟೆಗೆ ಹಾಕುವ ನೀಲಿ ಕೇಳಿದರು. ತಂದುಕೊಟ್ಟೆ. ಅದನ್ನು ಚೊಂಬಿನಲ್ಲಿ ಕಲಸಿ, ಕಟ್ಟೆಯ ಎರಡು ಚಪ್ಪಡಿ ಸೇರುವ ಸಂದಿಗೆ ಮೆಲ್ಲಗೆ ಹೊಯ್ದು, "ಒಳಗೆ ಬಗ್ಗಿ ನೋಡಿ," ಎಂದರು. ನಾನು, ಅವ್ವ, ಅಜ್ಜಿ ಮೂವರೂ ಬಗ್ಗಿದೆವು. ಮೊದಲು ಏನೂ ಇಲ್ಲ. ಅಜ್ಜಿ ನಗುವುದಕ್ಕೆ ಬಾಯಿ ತೆರೆದಳು. ಆಗಲೇ ಒಳಗೋಡೆಯ ಕಲ್ಲಿನ ಸಂದಿಯಿಂದ ಸಣ್ಣ ನೀಲಿ ಗೆರೆ ಹೊರಬಂತು. ಅದು ಹಾವಿನ ಮರಿಯ ಹಾಗೆ ಕಲ್ಲಿನಿಂದ ಕಲ್ಲಿಗೆ ಇಳಿದು ನೀರಿನ ಮೇಲೆ ಬಿಚ್ಚಿಕೊಂಡಿತು. 

"ಅಯ್ಯೋ, ಗಂಗವ್ವನ ಮೈಗೆ ನೀಲಿ ಹೊಯ್ದ್ಯಲ್ಲೋ ಪುಣ್ಯಾತ್ಮ!"

"ನೀಲಿ ಇಳಿದ ದಾರೀಲೇ ಸಗಣಿ ನೀರೂ ಇಳೀತಿದೆ ಅಜ್ಜಿ. ಇಷ್ಟು ವರ್ಷದಿಂದ."

"ಸಗಣಿ ಏನು ಹೇಸಿಗೇನಾ? ಗೋಮಯ ಅದು. ಮಠದಾಗೂ ಸಾರಿಸ್ತಾರೆ."

"ನೆಲಕ್ಕೆ ಒಳ್ಳೇದು ಅಜ್ಜಿ. ಹಸುಗೂಸಿನ ಹೊಟ್ಟೆಗೆ ಒಳ್ಳೇದಲ್ಲ."

ಕೂಸು ಎಂಬ ಮಾತು ಬಂದದ್ದೇ ಅವ್ವ ಸೆರಗನ್ನು ಬಾಯಿಗೆ ಹಿಡಿದಳು. ಅಜ್ಜಿ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡು ಒಳಗೆ ಹೋದಳು. ಆ ಕೈ ನೋಡಿಕೊಂಡದ್ದನ್ನು ನಾನು ಕಂಡೆ. ಕಾಣಬಾರದಿತ್ತು ಅನ್ನಿಸಿತು.

ಸಂದಿಗೆ ಗಾರೆ ಹಾಕಿಸಿ, ಬಾವಿಯ ನೀರೆಲ್ಲ ಎತ್ತಿಸಿ, ಔಷಧಿ ಹಾಕಬೇಕು ಎಂದರು ಮೇಷ್ಟ್ರು. ಗಾರೆ ಕೆಲಸದವನು ಯುಗಾದಿ ಕಳೆಯದೆ ಬರುವುದಿಲ್ಲ ಎಂದು ಅಪ್ಪ ಹೇಳಿದರು. ಗಂಗೆ ಪೂಜೆ ಅದಕ್ಕೂ ಮೊದಲೇ ಇತ್ತು.

ಆ ಮಧ್ಯಾಹ್ನ ಅಕ್ಕ ನನ್ನನ್ನು ಕೋಣೆಗೆ ಕರೆದಳು. ಸಾಂಬ್ರಾಣಿ ಹೊಗೆ, ಬಜೆಯ ವಾಸನೆ, ಮುಚ್ಚಿದ ಕಿಟಕಿ. ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಹಿತ್ತಲಿನ ಮಾತೆಲ್ಲ ಅವಳಿಗೆ ಕೇಳಿತ್ತು.

"ಆ ಬಾಟ್ಲಿ ತಗಂಬಾ," ಎಂದಳು.

ತಂದುಕೊಟ್ಟೆ. ಬಾಗಿಲ ಸಂದಿಯಿಂದ ಬೀಳುತ್ತಿದ್ದ ಬಿಸಿಲಿಗೆ ಅದನ್ನು ಹಿಡಿದು ಬಹಳ ಹೊತ್ತು ನೋಡಿದಳು. ಮಡಿಲಲ್ಲಿ ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸುತ್ತಿತ್ತು.

"ಆವತ್ತೂ ಹಿಂಗೇ ಕಪ್ಪಿತ್ತೇನೇ?"

ಯಾವತ್ತು ಎಂದು ನಾನು ಕೇಳಲಿಲ್ಲ. "ಗೊತ್ತಿಲ್ಲ ಅಕ್ಕ."

"ಲೆಕ್ಕ ಬರ್ದಿಡೋಳಲ್ವೇನೇ ನೀನು? ಎಮ್ಮೆ ಈದಿದ್ದೂ ಬರೀತೀಯ."

"ಆಗ ಈ ಬಾಟ್ಲಿ ಇರ್ಲಿಲ್ಲ ಅಕ್ಕ. ಅದರಿಂದ್ಲೇ ಹೋಯ್ತು ಅಂತ ಹೇಳೋಕೂ ಆಗಲ್ಲ."

"ಅಲ್ಲ ಅಂತ ಹೇಳೋಕಾಯ್ತದಾ?"

 ಅಕ್ಕ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

ದಾರಿ ಹುಡುಕಿದವಳು ಅವ್ವ. ಗಂಗೆ ಪೂಜೆಯನ್ನು ಹಿತ್ತಲಿನ ಮರಳಿನ ತೊಟ್ಟಿಗೇ ಮಾಡಿದರಾಯಿತು, ಅಲ್ಲಿ ಬರುವ ನೀರೂ ಗಂಗೆಯೇ ಅಲ್ಲವೇ ಎಂದಳು. ಕೇಳಿ ಅಜ್ಜಿ ದಂಗಾದಳು. ನಾನೂ ದಂಗಾದೆ, ಖುಷಿಗೆ.

ತೊಟ್ಟಿ ಎಂದರೆ ಬಾವಿಗೆ ಇಳಿಸುವ ಸಿಮೆಂಟ್ ಬಳೆಯಂಥದ್ದು. ಅಡಿಯಲ್ಲಿ ಜಲ್ಲಿ, ಮೇಲೆ ವೇದಾವತಿ ಹೊಳೆಯ ಮರಳು. ಅದಕ್ಕಿಂತ ಎತ್ತರದಲ್ಲಿ ಒಂದು ಪೀಪಾಯಿ ಕೂರಿಸಿತ್ತು. ಅದಕ್ಕೆ ಕೆರೆ ನೀರು ತುಂಬಿದರೆ ಹನಿಹನಿಯಾಗಿ ಮರಳಿನ ಮೇಲೆ ಬಿದ್ದು ಇಳಿದು, ಕೆಳಗಿನ ನಲ್ಲಿಯಲ್ಲಿ ಬರುತ್ತಿತ್ತು. ಮರಳಿನ ಮೇಲೆ ಹಸಿರು ಕಂದು ಬೆರೆತ ಲೋಳೆಯ ಪದರ ಎಮ್ಮೆಯ ತೊಗಲಿನಂತೆ ಹಬ್ಬಿತ್ತು.

"ಎಲ್ಲ ಕೆಲಸ ಮಾಡೋದು ಈ ಲೋಳೆ ಅಜ್ಜಿ," ಎಂದು ಮೇಷ್ಟ್ರು ಬಿಡಿಸಿ ಹೇಳಿದರು. "ಇದರ ತುಂಬ ಜೀವಗಳಿವೆ. ಕೆರೆ ನೀರಲ್ಲಿ ಬರೋ ಕೆಟ್ಟ ಜೀವಗಳನ್ನ ಇವು ಹಿಡಿದು ತಿಂದುಬಿಡ್ತವೆ. ಮರಳು ಬರೀ ಅವಕ್ಕೆ ಮನೆ. ಇದನ್ನ ಯಾರೂ ಮುಟ್ಟಬೇಡಿ, ಕೆದಕಬೇಡಿ."

"ಅಂದ್ರೆ ಹುಳ ತಿಂದು ಬಿಟ್ಟ ಎಂಜಲು ನೀರು ಕುಡೀಬೇಕಾ ನಾವು?"

ಮೇಷ್ಟ್ರು ನಲ್ಲಿಯ ನೀರನ್ನು ಲೋಟಕ್ಕೆ ಹಿಡಿದು ಗಟಗಟನೆ ಕುಡಿದರು. ಅಜ್ಜಿ ಅವರನ್ನೇ ನೋಡುತ್ತ, ಈಗ ಬೀಳುತ್ತಾರೋ ಆಗ ಬೀಳುತ್ತಾರೋ ಎಂಬಂತೆ ಕಾದಳು. ಎರಡು ದಿನ ಬಿಟ್ಟು ಅವರು ಮತ್ತೆ ಸೈಕಲ್ ಹತ್ತಿ ಬಂದಾಗ, "ಗಟ್ಟಿ ಪಿಂಡ," ಎಂದಳು. ಪೂಜೆಗೆ ಒಪ್ಪಿದ ಹಾಗಾಯಿತು. ಆದರೆ ಒಂದು ಮಾತು ಸೇರಿಸಿದಳು: "ಗಂಗೆ ಎಲ್ಲಿದ್ರೂ ಗಂಗೆ ಬಿಡು. ಆ ಪಾಚಿಗೆ ಮಾತ್ರ ನಾನು ಕುಂಕುಮ ಇಡಕಿಲ್ಲ." ನಾವು ನಕ್ಕೆವು.

ಪೂಜೆಯ ಹಿಂದಿನ ದಿನ ನನ್ನ ಅಜ್ಜಂಪುರದ ಸರದಿ. ಬಾಟಲಿ ತುಂಬಿಕೊಂಡು ಬಸ್ಸಿಗೆ ಬಂದರೆ ಅಕ್ಕನ ಅತ್ತೆ, ಭಾವ ಇಬ್ಬರೂ ಅದೇ ಬಸ್ಸಿನಲ್ಲಿ ಕೂತಿದ್ದರು. ಅತ್ತೆಯ ತೊಡೆಯ ಮೇಲೆ ಹೂವಿನ ಬುಟ್ಟಿ, ಕಾಲಡಿಯಲ್ಲಿ ತೆಂಗಿನಕಾಯಿ ಚೀಲ.

"ಏನವ್ವಾ, ಓದಿದ್ದೆಲ್ಲ ಮುಗೀತು, ಈಗ ಊರೂರು ನೀರು ಹೊತ್ಕಂಡ್ ತಿರುಗ್ತೀಯಂತೆ? ನಾವು ಕಾಲು ತೊಳ್ಕಳೋಕೆ ಕೊಟ್ರೆ ಅದನ್ನೂ ಬಾಟ್ಲಿಗೆ ಹಾಕ್ತೀಯೇನು?" ಎಂದರು ಅತ್ತೆ. ಸುತ್ತಲಿನವರು ನಕ್ಕರು. ಭಾವ ಮಾತ್ರ ನಗಲಿಲ್ಲ. ಕಿಟಕಿಯಾಚೆ ದನ ಮೇಯುವ ಕಾವಲಿನ ಒಣಹುಲ್ಲು ನೋಡುತ್ತಿದ್ದವರು ತಿರುಗಿ, "ಪೂಜೆ ಆ ತೊಟ್ಟಿ ತಾವ ಅಂತೆ, ಹೌದಾ?" ಎಂದು ಮೆಲ್ಲಗೆ ಕೇಳಿದರು. ಹೌದೆಂದೆ. ಯಾಕೆಂದು ಅವರು ಕೇಳಲಿಲ್ಲ. ಬಾವಿಯ ಸಂಗತಿಯನ್ನು ಅಪ್ಪ ಆಗಲೇ ಕಾಗದದಲ್ಲಿ ಬರೆದಿದ್ದರು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಚೀಲ ಇಳಿಸಿ ನೇರ ಹಿತ್ತಲಿಗೆ ಹೋದೆ.

ತೊಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು. ಸುಣ್ಣ ಬಳಿದಿದ್ದರು. ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟೆ. ಸುತ್ತ ಸಗಣಿ ಸಾರಿಸಿ ಎಳೆಎಳೆಯಾಗಿ ರಂಗೋಲಿ ಬಿಟ್ಟಿದ್ದರು. ಒಳಗೆ ಬಗ್ಗಿ ನೋಡಿದರೆ ಮರಳು ಹೊಸ ಅಕ್ಕಿಯ ಹಾಗೆ ಬಿಡಿಬಿಡಿಯಾಗಿ, ಮಟ್ಟವಾಗಿ, ಒಂದು ಎಳೆ ಪಾಚಿಯಿಲ್ಲದೆ ಹರಡಿತ್ತು. ಲೋಳೆಯೆಲ್ಲ ತೆಂಗಿನ ಬುಡದಲ್ಲಿ ಗುಡ್ಡೆಯಾಗಿ ಬಿದ್ದು ಬಿಸಿಲಿಗೆ ಚಕ್ಕಳದಂತೆ ಮುರುಟಿಕೊಂಡಿತ್ತು.

ಅವ್ವ ಸೊಂಟ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಳು. ಎರಡು ಕೈಯ ಬೆರಳೂ ನೀರಲ್ಲಿ ನೆಂದು ಸುಕ್ಕುಗಟ್ಟಿದ್ದವು. "ಹೆಂಗೈತೆ? ಬೆಳಿಗ್ಗೆಯಿಂದ ನಾಕ್ ಜನ ಹೆಂಗಸ್ರು ಸೇರಿ ಮಾಡಿದ್ದು ಕಣೇ. ಮರಳೆಲ್ಲ ಮೊರಕ್ಕೆ ಮೊಗೆದು ಸೀಗೆಪುಡಿ ಹಾಕಿ ಉಜ್ಜಿ ತೊಳೆದ್ವಿ. ಏಳು ನೀರು."

ನನ್ನ ಕಣ್ಣು ತೆಂಗಿನ ಬುಡದ ಗುಡ್ಡೆಯ ಮೇಲೇ ಇತ್ತು.

"ಯಾಕೇ ಹಂಗೆ ನಿಂತೆ, ದೆವ್ವ ಮೆಟ್ದೋಳಂಗೆ?"

"ಮುಟ್ಟಬೇಡಿ ಅಂತ ಮೇಷ್ಟ್ರು ಹೇಳಿದ್ರಲ್ಲವ್ವಾ..."

"ಸುಮ್ ಸುಮ್ನೆ ಕೆದಕಬೇಡಿ ಅಂದ್ರು. ಪೂಜೆಗೂ ತೊಳೀಬೇಡಿ ಅಂದ್ರಾ? ದೇವ್ರ ನೆತ್ತಿ ಮೇಲೆ ಪಾಚಿ ಬಿಟ್ಟು ಕುಂಕುಮ ಇಡೋಕಾಯ್ತದೇನೇ?"

ತಪ್ಪು ಹುಡುಕಲು ಹೋದರೆ ನನಗೆ ಎಲ್ಲಿಯೂ ಸಿಗಲಿಲ್ಲ. ನಮ್ಮಲ್ಲಿ ತೊಳೆಯದೆ ಪೂಜೆ ಮಾಡುವುದು ಯಾವುದನ್ನು? ನೇಗಿಲು, ಒರಳು, ಅಳೆಯುವ ಸೇರು, ಮಿಲ್ಲಿನ ಮೋಟರು, ಆಯುಧಪೂಜೆಯ ದಿನ ಲಾರಿಯ ಚಕ್ರ, ಎಲ್ಲವನ್ನೂ ಉಜ್ಜಿ ತೊಳೆದ ಮೇಲೆಯೇ ಅರಿಶಿನ ಕುಂಕುಮ. ತೊಟ್ಟಿಯನ್ನು ದೇವರು ಮಾಡಿದ ಮರುಕ್ಷಣವೇ ಅದರ ಗತಿ ಇದೆಂದು ಗೊತ್ತಾಗಬೇಕಿತ್ತು. ನನಗೂ ಗೊತ್ತಾಗಲಿಲ್ಲ, ಅಷ್ಟು ಓದಿದ ಮೇಷ್ಟ್ರಿಗೂ ಗೊತ್ತಾಗಲಿಲ್ಲ.

"ಅವ್ವಾ, ನೀರು ಶುದ್ಧ ಮಾಡ್ತಿದ್ದಿದ್ದು ಆ ಪಾಚೀನೇ ಕಣವ್ವಾ. ಈಗ ಇದು ಬರೀ ಕೆರೆ ನೀರು."

ಅವ್ವ ತೆಂಗಿನ ಬುಡದ ಕಡೆ ನೋಡಿದಳು. ಓಡಿಹೋಗಿ ಆ ಒಣಗಿದ ಚಕ್ಕೆಗಳನ್ನು ಎರಡು ಕೈಯಲ್ಲೂ ಬಾಚಿಕೊಂಡು ಬಂದು, "ಇನ್ನೊಂದ್ಸಲ ಮೇಲಕ್ಕೆ ಹಾಕಿದ್ರೆ ಹಿಡ್ಕಳಲ್ವೇನೇ?" ಎಂದಳು. ಅವು ಅವಳ ಕೈಯಲ್ಲೇ ಪುಡಿಯಾಗಿ ಉದುರಿದವು.

ಮೇಷ್ಟ್ರು ಮರುದಿನ ಬೆಳಿಗ್ಗೆ ಪೂಜೆ ನೋಡಲೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ತೊಟ್ಟಿಯ ಮುಂದೆ ನಿಂತರು. ಮೊಣಕಾಲೂರಿ ಒಂದು ಹಿಡಿ ಮರಳು ತೆಗೆದು ಮೂಸಿ ನೋಡಿದರು, ಸೀಗೆಯ ಘಮ. ಅವರ ತಿಂಗಳುಗಟ್ಟಲೆಯ ಕೆಲಸ ಒಂದೇ ಹಗಲಿನಲ್ಲಿ ಹೋಗಿತ್ತು. ಬೈಯುತ್ತಾರೆಂದು ಅವ್ವ ಕಂಬದ ಮರೆಯಲ್ಲಿ ನಿಂತಿದ್ದಳು. ಅವರು ಬೈಯಲಿಲ್ಲ. "ಏಳು ನೀರಲ್ಲಿ ತೊಳೆದರಾ?" ಎಂದು ಮಾತ್ರ ಕೇಳಿದರು.

"ಮತ್ತೆ ಬೆಳೆಯೋಕೆ ಎಷ್ಟು ದಿನ ಬೇಕು ಸಾರ್?" ಎಂದೆ ನಾನು.

"ಮೂರು ವಾರವಾದರೂ ಬೇಕು. ಅಷ್ಟೂ ದಿನ ನೀರು ನಿಲ್ಲಬಾರದು, ಹನೀತಾನೇ ಇರಬೇಕು. ಇವತ್ತಿನ ನೀರನ್ನ ಮಗುವಿಗೆ ಕೊಡಬೇಡಿ. ಕಾಯಿಸಿ ಕೊಡಿ."

"ಕಾಯ್ಸಿದ್ರೆ ಅದು ಕಷಾಯ ಆಯ್ತದೆ, ಗಂಗೆ ಅಲ್ಲ," ಎಂದಳು ಅಜ್ಜಿ. "ನಾನು ಆವತ್ತೇ ಅಂದೆ. ಗಂಗವ್ವ ತನ್ನ ತಾವಿಗೇ ಕರ್ಸ್ಕಂಡ್ಲು. ನಡೀರಿ ಬಾವಿಗೆ. ಮೂರು ಹನಿ ಬಿಟ್ರೆ ಏನೂ ಆಗಕಿಲ್ಲ. ಈ ಮನೇಲಿ ಎಲ್ರೂ ಕುಡ್ದೇ ಬೆಳೆದೋರು."

ಎಲ್ಲರೂ ಅಲ್ಲ. ಆದರೆ ಯಾರು ಬಾಯಿ ಬಿಟ್ಟು ಹೇಳಬೇಕು? ಬೀಗರು ಬಂದು ಕೂತಿದ್ದರು. ಹೊತ್ತು ಮೀರುತ್ತಿತ್ತು. ನಾನು ಅಪ್ಪನ ಮುಖ ನೋಡಿದೆ, ಅಪ್ಪ ನೆಲ ನೋಡಿದರು.

ಬಾವಿಯ ಹತ್ತಿರ ಹೆಂಗಸರೆಲ್ಲ ಸೇರಿದರು. ಗಂಡಸರು ದೂರದಲ್ಲಿ ತೆಂಗಿನ ನೆರಳಲ್ಲಿ ನಿಂತರು. ಅಕ್ಕ ಹಸಿರು ಸೀರೆಯುಟ್ಟು, ಮಗುವನ್ನೆತ್ತಿಕೊಂಡು ಬಂದಳು. ತಲೆಯ ಬಟ್ಟೆ ಇನ್ನೂ ಕಟ್ಟಿಕೊಂಡೇ ಇತ್ತು. ಮಗುವನ್ನು ನನ್ನ ಕೈಗೆ ಕೊಟ್ಟು, ಬಾವಿಗೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಹಗ್ಗ ಬಿಟ್ಟು ಕೊಡ ಸೇದಿದಳು. ರಾಟೆ ಕಿರುಗುಟ್ಟಿತು. ನೀರು ಎಷ್ಟು ಚೆನ್ನಾಗಿತ್ತೆಂದರೆ ಕೊಡದ ತಳದ ನೆಗ್ಗು ಕೂಡ ಕಾಣುತ್ತಿತ್ತು. ಅಜ್ಜಿ ವೀಳ್ಯದೆಲೆಯನ್ನು ಮಡಿಸಿ ಅದ್ದಿ, ನನ್ನ ತೋಳಿನಲ್ಲಿದ್ದ ಮಗುವಿನ ಕಡೆ ಬಂದಳು.  ಹಿಂದೆ ಸರಿಯಬೇಕೆಂದುಕೊಂಡೆ, ಆಗಲಿಲ್ಲ.

ಅಕ್ಕನ ಒದ್ದೆ ಅಂಗೈ ಬಂದು ಮಗುವಿನ ಬಾಯಿಯನ್ನು ಮುಚ್ಚಿತು.

"ಬ್ಯಾಡ ಅಜ್ಜಿ."

ಎಲೆಯ ತುದಿಯ ನೀರು ಅಕ್ಕನ ಕೈಮೇಲೆ ಬಿತ್ತು.

"ಪೂಜೆ ಮಾಡಿದ್ದೀನಿ. ಗಂಗವ್ವಂಗೆ ಏನೂ ಕಮ್ಮಿ ಮಾಡಿಲ್ಲ," ಎಂದಳು ಅಕ್ಕ.  "ಆದ್ರೆ ನನ್ನ ಬಾಣಂತನ ಮುಗ್ದಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಅತ್ತೆಯೇ ಮೊದಲು ಮಾತಾಡಿದರು: "ಮುಗ್ದಿಲ್ಲ ಅಂದ್ರೇನೇ? ತಿಂಗಳು ಎಣಿಸಿ ದಿನ ಇಟ್ಟಿರೋದು ನಾವು."

"ನಂಗೆ ಸೊಂಟ ಗಟ್ಟಿಯಾಗಿಲ್ಲ ಅತ್ತೆ. ಇನ್ನೂ ಒಂದು ತಿಂಗಳು ಬೇಕು."

"ತುಂಬಿದ ಕೊಡ ಸೇದೋಷ್ಟು ಗಟ್ಟಿ ಐತೆ, ಈಗ್ತಾನೇ ನೋಡ್ದೆ! ನಾಕ್ ನಾಕ್ ತಿಂಗಳು ಬಾಣಂತನ ಯಾರ ಮನೇಲಿ ಐತ್ರೀ ಬೀಗ್ತಿ? ಮಗಳನ್ನ ಕಳ್ಸೋಕೆ ಮನಸಿಲ್ಲ ಅಂದ್ರೆ ಬಾಯ್ಬಿಟ್ಟು ಹೇಳ್ರಿ. ಹೂವಿನ ಬುಟ್ಟಿ ಹೊತ್ಕಂಡ್ ಬರ್ತಿರ್ಲಿಲ್ಲ ನಾವು."

ಅವ್ವ ಅಕ್ಕನ ತೋಳು ಹಿಡಿದಳು. "ಲೇ, ಏನೇ ಇದು? ಬೀಗರ ಮುಂದೆ ಮಾನ ಕಳೀತೀಯಾ? ಬೇಕಾದ್ರೆ ಅಲ್ಲೇ ಹೋಗಿ ಕಾಯಿಸ್ಕಂಡು ಕುಡ್ಸು."

ಅಕ್ಕ ಅವ್ವನ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಹಿರಿಯರ ಮುಂದೆ ತಲೆ ಎತ್ತಿ ಮಾತಾಡಿದವಳಲ್ಲ ಅವಳು.

"ಬಾಣಂತಿ ಅಂದ್ರೆ ನೀರು ಕಾಯಿಸ್ತಾರವ್ವ. ಬಾಣಂತನ ಮುಗೀತು ಅಂದ್ರೆ ನಾನು ಸೊಸೆ. ಸೊಸೇಗೆ ಯಾರು ಕಾಯಿಸ್ತಾರೆ? ದಿನಾ ಒಂದು ಹೊರೆ ಸೌದೆ ಅವಳ ಕೂಸಿಗೆ ಅಂತ ಯಾರು ಉರೀತಾರೆ? ಹೋದ್ಸಲ ಈ ಕಟ್ಟೆ ಮೇಲೆ ನಿಂತ್ಕಂಡು ನೀವೆಲ್ಲ ಹೇಳಿದ್ದೆಲ್ಲ ಮಾಡ್ದೆ. ನಾನೇನೂ ತಪ್ಪಿಸ್ಲಿಲ್ಲ."

ಅಕ್ಕ ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು, ತಲೆಯ ಬಟ್ಟೆಯನ್ನು ಇನ್ನೂ ಬಿಗಿಯಾಗಿ ಎಳೆದು ಕಟ್ಟಿ, ಆ ಬಿಸಿಲಲ್ಲಿ ನಡೆದು ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಯಾರೂ ತಡೆಯಲಿಲ್ಲ. ಅಜ್ಜಿಯ ಕೈಯಲ್ಲಿ ವೀಳ್ಯದೆಲೆ ಹಾಗೇ ಇತ್ತು. 

"ನೋಡಿದ್ಯೇನೋ ನಿನ್ ಹೆಂಡ್ತೀನಾ!" ಅತ್ತೆ ತೆಂಗಿನ ನೆರಳಿನ ಕಡೆಗೆ ಕೂಗಿದರು. "ಹನ್ನೊಂದರ ಬಸ್ಸಿಗೆ ನಾನು ಹೋಗ್ತೀನಿ. ಊಟ ಗೀಟ ಏನೂ ಬ್ಯಾಡ."

ಭಾವ ನೆರಳಿನಿಂದ ಹೊರಗೆ ಬಂದರು.  ಅವರು ತಾಯಿಯ ಹತ್ತಿರ ಹೋಗಿ, "ನೀನು ಹೋಗಿರವ್ವ. ಅಪ್ಪಂಗೆ ಹೇಳು, ನಾನು ಸಾಯಂಕಾಲದ ಬಸ್ಸಿಗೆ ಬತ್ತೀನಿ ಅಂತ," ಎಂದರು.  ಅತ್ತೆ ಮಗನ ಮುಖವನ್ನೊಮ್ಮೆ ನೋಡಿದವರು, ಬುಟ್ಟಿಯನ್ನು ಅಲ್ಲೇ ಇಟ್ಟು ಒಳಗೆ ಹೋಗಿ ಕೂತುಬಿಟ್ಟರು. ಹನ್ನೊಂದರ ಬಸ್ಸು ಹಾರ್ನ್ ಮಾಡಿಕೊಂಡು ಹೋದಾಗಲೂ ಅವರು ಏಳಲಿಲ್ಲ.

ಭಾವ ಮರಳಿನ ತೊಟ್ಟಿಯ ಹತ್ತಿರ ಬಂದರು. ಮೇಲಿನ ಪೀಪಾಯಿ ಖಾಲಿಯಾಗಿತ್ತು. ಪೂಜೆಯ ಗಡಿಬಿಡಿಯಲ್ಲಿ ಕೆರೆ ನೀರು ತರಲು ಯಾರಿಗೂ ಪುರಸೊತ್ತಾಗಿರಲಿಲ್ಲ. ಅವರು ಅದನ್ನು ಬೆರಳಿನಿಂದ ಬಡಿದು ನೋಡಿದರು.

"ಇದು ನಿಲ್ಲಬಾರ್ದು ಅಂದ್ರಲ್ವಾ ನಿಮ್ ಮೇಷ್ಟ್ರು?"

"ನಿಲ್ಲಬಾರ್ದು ಭಾವ."

ಅಂಗಿ ಬಿಚ್ಚಿ ಬೇಲಿಯ ಮೇಲೆ ಹಾಕಿ, ಎರಡು ಕೊಡ ಎತ್ತಿಕೊಂಡು ಕೆರೆಯ ಕಡೆ ಹೊರಟರು.

ಅಳಿಯನಾದವನು ಮಾವನ ಮನೆಯಲ್ಲಿ ಚೊಂಬು ನೀರನ್ನೂ ತಾನಾಗಿ ಮೊಗೆದುಕೊಳ್ಳಬಾರದ ಊರು ನಮ್ಮದು. ಅವ್ವ, "ಅಯ್ಯೋ, ಬ್ಯಾಡ್ರಪ್ಪ, ಇಳಿಸ್ರಪ್ಪ, ಜನ ನೋಡ್ತಾರೆ," ಎನ್ನುತ್ತ ಹಿಂದೆಯೇ ಓಡಿದಳು. ಅಪ್ಪ ಚಪ್ಪಲಿ ಮರೆತು ಬರಿಗಾಲಲ್ಲಿ ಓಡಿದರು. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. "ಅಳಿಯದೇವ್ರು ಕೆರೆ ನೀರು ಹೊರ್ತಾವ್ನಲ್ಲೇ, ಏನಾಯ್ತೇ ಇವ್ರ ಮನೇಲಿ?" ಎಂದು ಯಾರೋ ಕೂಗಿದ್ದು ನನಗೂ ಕೇಳಿಸಿತು. ಭಾವ ಯಾರಿಗೂ ಕೊಡ ಕೊಡಲಿಲ್ಲ. ಮೊದಲ ಎರಡು ಕೊಡ ತಂದು ಪೀಪಾಯಿಗೆ ಸುರಿದು, ತೋಳಿನಿಂದ ಮುಖ ಒರೆಸಿಕೊಂಡು, ಕೆಳಗೆ ಬಗ್ಗಿ ಮರಳಿನ ಮೇಲೆ ಹನಿ ಬೀಳುವುದನ್ನು ನೋಡಿದರು.

"ತುಂಬೋಕೆ ಇನ್ನೆಷ್ಟು ಬೇಕು?"

"ಇನ್ನೂ ಹತ್ತು ಹನ್ನೆರಡು ಕೊಡ ಹಿಡೀತದೆ ಭಾವ."

ಅವರು ಅಕ್ಕನ ಕೋಣೆಯ ಮುಚ್ಚಿದ ಕಿಟಕಿಯ ಕಡೆ ಒಮ್ಮೆ ನೋಡಿ, ಕೊಡಗಳನ್ನು ಎತ್ತಿಕೊಂಡು ಮತ್ತೆ ಹೊರಟರು. ಈ ಸಲ ಅಪ್ಪನೂ ಒಂದು ಕೊಡ ಹಿಡಿದು ಹಿಂದೆ ಹೋದರು.